ಬಾಗಿಲಿಗಿಂತ ದೊಡ್ಡ ಪ್ರಾಂತ್ಯ

ಇಡೀ ಪ್ರಾಂತ್ಯವನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆದ ಗಾರೆಯಕ್ಕ, ಅದು ಒಳಗೆ ಹೋಗಬೇಕಾದ ಬಾಗಿಲನ್ನು ಮಾತ್ರ ಅಳೆದಿರಲಿಲ್ಲ. ಕಟ್ಟಡದ ನಕ್ಷೆಯಲ್ಲಿ ಬರೆದಿದ್ದನ್ನು ನಂಬಿ ಕೂತಳು. ಕಟ್ಟಿದ ಮಹಾನುಭಾವರು ಕಲ್ಲಿನ ಚೌಕಟ್ಟು ಕೂರಿಸುವಾಗ ಎರಡು ಗೇಣು ನುಂಗಿ ನೀರು ಕುಡಿದಿದ್ದರು.

ವಸ್ತುಸಂಗ್ರಹಾಲಯದ ಹಿಂದಿನ ಶೆಡ್ಡಿನಲ್ಲಿ ಎಂಟು ತಿಂಗಳು ಬೆನ್ನು ಬಗ್ಗಿಸಿ ಅವಳು ಮಾಡಿದ್ದು ಪ್ರಾಂತ್ಯದ ಉಬ್ಬು ನಕ್ಷೆ. ಹಲಗೆಯ ಮೇಲೆ ಬಿಳಿ ಗಾರೆ, ಗಾರೆಯ ಮೇಲೆ ಬಣ್ಣ. ಪಶ್ಚಿಮಕ್ಕೆ ಬೆಟ್ಟಸಾಲು, ಅದರ ಬುಡದಲ್ಲಿ ಗಣಿಗಳು. ನಡುವೆ ಉತ್ತರದ ಅಂಚಿನಿಂದ ದಕ್ಷಿಣದ ಕಡಲವರೆಗೆ ದೊಡ್ಡ ಹೊಳೆ. ಹೊಳೆಯ ಆಚೆ, ಪೂರ್ವದ ಅಂಚಿಗೆ, ಕಿರಿದಾದ ಬಯಲು. ಬೆಟ್ಟ ನೋಡಿದವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಬಯಲಿನ ಬಗ್ಗೆ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಒರೆಸಿದ ಮೇಜಿನ ಹಾಗೆ ಚಪ್ಪಟೆ, ಏನಂತ ಹೇಳುತ್ತಾರೆ ಪಾಪ. ಗಾರೆಯಕ್ಕ ಹುಟ್ಟಿ ಬೆಳೆದದ್ದು ಆ ಚಪ್ಪಟೆಯಲ್ಲೇ.

ಉದ್ಘಾಟನೆಗೆ ನಾಲ್ಕು ದಿನವಿರುವಾಗ ಹದಿನಾರು ಆಳುಗಳು ಹೊತ್ತು ತಂದ ಪ್ರಾಂತ್ಯ ಹೊಸ್ತಿಲಲ್ಲಿ ನಿಂತುಬಿಟ್ಟಿತು. ಓರೆ ಮಾಡಿದರೆ ಬೆಟ್ಟಗಳು ಉದುರುತ್ತವೆ. ಗೋಡೆ ಒಡೆಯಲು ಮೇಲಿನವರ ಒಪ್ಪಿಗೆ ಬೇಕು, ಅದು ಬರುವಷ್ಟರಲ್ಲಿ ವರ್ಷ ಕಳೆಯುತ್ತದೆ. ಸಂಗ್ರಹಾಲಯದ ಅಧಿಕಾರಿ ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಎದ್ದು ಬಡಗಿಯನ್ನು ಕರೆಸಿದರು. ಬಡಗಿ ಗಾರೆಯಕ್ಕನ ಸೋದರಮಾವ.

"ಪೂರ್ವದ ಕಡೆಯಿಂದ ಎರಡು ಗೇಣು ಕೊಯ್ದುಬಿಡಿ. ಅಲ್ಲೇನೂ ಇಲ್ವಲ್ಲ," ಎಂದರು ಅಧಿಕಾರಿ.

ಎರಡು ಗೇಣೆಂದರೆ ಬಯಲು ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಗಾರೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಪ್ರಾಂತ್ಯದ ಪ್ರತಿ ಮೂವರಲ್ಲಿ ಇಬ್ಬರು ಇರುವುದು ಅಲ್ಲಿ ಎಂದಳು. ಗಣಿಯವರು ಉಣ್ಣುವ ಕಾಳು ಅಲ್ಲಿಯದು, ಹಳೆಯ ರಾಜರು ಹೊಡೆದಾಡಿ ಸತ್ತದ್ದು ಆ ಕಾಳಿಗೆ, ಮೊದಲ ರೈಲು ಬಂದದ್ದೂ ಅದನ್ನು ಸಾಗಿಸುವುದಕ್ಕೇ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅಧಿಕಾರಿ ಕೆಟ್ಟವರಲ್ಲ, ಸಮಾಧಾನದಿಂದ ಕೇಳಿಸಿಕೊಂಡರು.

"ಇರಬಹುದಮ್ಮ. ಆದ್ರೆ ಕಣ್ಣಿಗೆ ಕಾಣ್ಬೇಕಲ್ಲ?"

ಅವಳಿಗೆ ನೋವಾದದ್ದು ಅದು ನಿಜವಾಗಿದ್ದರಿಂದ. ಗಾರೆಯಲ್ಲಿ ಎತ್ತರ ತೋರಿಸಬಹುದು, ಜನರನ್ನು ತೋರಿಸುವುದು ಹೇಗೆ? ಅಷ್ಟರಲ್ಲಿ ಮಾವ ಸೀಮೆಸುಣ್ಣದಲ್ಲಿ ಗೆರೆ ಎಳೆದೂ ಆಗಿತ್ತು.

"ಮಾವ, ಗರಗಸ ಇಲ್ಲಿ ಕೊಡಿ."

ಸದ್ಯ ಒಪ್ಪಿಕೊಂಡಳಲ್ಲ ಎಂದು ಮಾವ ಕೊಟ್ಟರು. ಅವಳು ಗೆರೆಯ ಕಡೆ ತಿರುಗಿಯೂ ನೋಡದೆ ಉತ್ತರದ ಅಂಚಿಗೆ ಹೋಗಿ, ಹೊಳೆ ಒಳಗೆ ಬರುವ ಜಾಗದಲ್ಲಿ ಅಲಗು ಇಟ್ಟಳು. ಅಧಿಕಾರಿ ಓಡಿ ಬಂದರು.

"ಹೊಳೆ ಗುಂಟ ಸೀಳ್ತೀನಿ ಸರ್. ಎರಡು ತುಂಡೂ ಬಾಗಿಲಲ್ಲಿ ಹೋಗುತ್ತೆ. ಒಳಗೆ ಸೇರಿಸಿದ ಮೇಲೆ ನೀವೇ ಬಿರುಕು ಹುಡುಕಿ."

"ಬೆಟ್ಟ ಒಡೆದ್ರೆ?"

"ಕಟ್ಟಿದವಳು ನಾನು. ಎಲ್ಲಿ ಒಡೆಯುತ್ತೆ, ಎಲ್ಲಿ ಒಡೆಯಲ್ಲ ನನಗೆ ಗೊತ್ತು."

ಹೊಳೆಗೆ ಮೂವತ್ತೊಂದು ತಿರುವು. ಮುಂದಿನ ಸಲ ನೆಟ್ಟಗೆ ಹರಿಯುವ ಹೊಳೆ ಮಾಡು ಮಾರಾಯ್ತಿ ಎಂದು ಮಾವ ಗೊಣಗುತ್ತಲೇ ಹಲಗೆ ಹಿಡಿದುಕೊಂಡರು. ಎರಡು ದಿನ ಕೊಯ್ದರು. ಮೂರನೆಯ ದಿನ ಬೆಟ್ಟ ಮುಂದೆ, ಬಯಲು ಹಿಂದೆ, ಎರಡೂ ಒಳಗೆ ಹೋಗಿ ಜೋಡಿಯಾದವು. ಅವಳು ಸಂದಿಗೆ ಗಾರೆ ತುಂಬಿ ನೀಲಿ ಬಳಿದಳು. ಅಧಿಕಾರಿ ಕನ್ನಡಕ ಏರಿಸಿ ತಲೆಯಿಂದ ಬುಡದವರೆಗೆ ತಡಕಾಡಿದರು. ಸಿಕ್ಕಿದ್ದು ಹೊಳೆಯೊಂದೇ. ಆದರೂ ಬಾಗಿಲು ಅಳೆಯಬೇಕಿತ್ತು ಎನ್ನದೆ ಬಿಡಲಿಲ್ಲ. ಅವಳು ಹೌದೆಂದು ಒಪ್ಪಿಕೊಂಡಳು.

ಮೂರು ತಿಂಗಳಿಗೆ ಅಧಿಕಾರಿಯ ಫೋನ್ ಬಂತು, ಬಣ್ಣ ಹೋಗಿದೆಯಂತೆ. ನನ್ನ ಬಣ್ಣ ಹೋಗುವುದುಂಟೇ ಎಂದುಕೊಂಡೇ ಗಾರೆಯಕ್ಕ ಹೋದಳು. ಬೆಟ್ಟಗಳು ಮೊದಲ ದಿನದಷ್ಟೇ ಹೊಸದಾಗಿದ್ದವು, ಅವನ್ನು ದೂರದಿಂದ ನೋಡಿ ಜನ ಮುಂದೆ ಹೋಗುತ್ತಿದ್ದರು. ಬಯಲಿನ ಸುತ್ತ ಮಾತ್ರ ಕಾಲಿಡಲು ಜಾಗವಿರಲಿಲ್ಲ. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಮುದುಕರು, ಕೂಲಿಯವರು, ಒಬ್ಬೊಬ್ಬರೂ ಬಗ್ಗಿ ಬೆರಳಿಟ್ಟು "ನಮ್ಮೂರು ಇಲ್ಲೇ" ಎನ್ನುತ್ತಿದ್ದರು. ಹಸಿರು ಸವೆದು ಬಿಳಿ ಗಾರೆ ಕಾಣುತ್ತಿತ್ತು. ಊರು ಊರಿಗೂ ಬೆರಳಿನ ಗುಳಿ ಬಿದ್ದಿತ್ತು.

ಅವಳ ಕಣ್ಣು ತುಂಬಿ ಬಂತು, ಹೆಮ್ಮೆಯೂ ಆಯಿತು.

"ಇಷ್ಟು ಜನ ಇದಾರೆ ಅಂತ ಗೊತ್ತಿರಲಿಲ್ಲಮ್ಮ," ಎಂದರು ಅಧಿಕಾರಿ. "ಬಣ್ಣ ಹಾಕಿ, ಮೇಲೊಂದು ಗಾಜು ಹಾಕಿಸ್ತೀನಿ."

"ಗಾಜು ಬೇಡ ಸರ್," ಎಂದಳು ಅವಳು ಹಸಿರು ಡಬ್ಬಿಯ ಮುಚ್ಚಳ ತೆಗೆಯುತ್ತ. "ಸವೆದಾಗೆಲ್ಲ ಕರೀರಿ, ಬರ್ತೀನಿ."