ಗಡಿಬಿಡಿಯ ಮಗಳು

ದೊಡ್ಡಮ್ಮನಿಗೆ ಮಗನ ಮೇಲೆ ಪ್ರೀತಿಗೇನೂ ಬರ ಇರಲಿಲ್ಲ, ನಂಬಿಕೆಗೆ ಮಾತ್ರ ಇತ್ತು. ಅವನಿಗೆ ಗಡಿಬಿಡಿ ಎಂದು ಹೆಸರಿಟ್ಟವಳೇ ಅವಳು. ನಡೆಯಲು ಕಲಿತಾಗಿನಿಂದ ಅವನ ಕೈಗೆ ಸಿಕ್ಕ ಲೋಟ, ತಟ್ಟೆ, ಕನ್ನಡಕ ಒಂದೂ ಬಾಳಿ ಬದುಕಿದ್ದಿಲ್ಲ. ಗಾಜಿನ ಸಾಮಾನಿನ ಅಂಗಡಿಯವನು ಕೆಲಸಕ್ಕೆ ಸೇರಿಸಿಕೊಂಡ ವಾರದಲ್ಲೇ ಕೈಮುಗಿದು ಕಳಿಸಿದ್ದ. ಈಗ ವ್ಯಾನಿನಲ್ಲಿ ಸಿಮೆಂಟು ಚೀಲ ಸಾಗಿಸುತ್ತಾನೆ. ಒಡೆಯುವಂಥದ್ದು ಏನೂ ಇಲ್ಲದ ಕೆಲಸ ಸಿಕ್ಕಿತಲ್ಲ ಎಂದು ದೊಡ್ಡಮ್ಮ ನೆಮ್ಮದಿಯಾಗಿದ್ದಳು.

ಅವಳನ್ನು ಇಡೀ ಬೀದಿಯೇ ದೊಡ್ಡಮ್ಮ ಎನ್ನುತ್ತಿತ್ತು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಕೂಸುಗಳನ್ನು ಅವಳ ಮನೆಯಲ್ಲಿ ಬಿಟ್ಟು ಸಂಜೆ ಎತ್ತಿಕೊಂಡು ಹೋಗುತ್ತಿದ್ದರು. ಅರ್ಧ ಬೀದಿ ಬೆಳೆದದ್ದೇ ಅವಳ ತೊಡೆಯ ಮೇಲೆ. ಮಗು ಅತ್ತರೆ ಅದು ಹಸಿವೋ, ಹೊಟ್ಟೆನೋವೋ, ಬರೀ ಹಟವೋ ಎಂದು ಅಡುಗೆಮನೆಯಿಂದಲೇ ಹೇಳಿಬಿಡುತ್ತಿದ್ದಳು. ಹಟವಾದರೆ ಅವಳಲ್ಲಿ ಇದ್ದ ಮದ್ದು ಒಂದೇ. "ಅಳ್ಲಿ ಬಿಡಿ, ಸುಸ್ತಾದ್ರೆ ತಾನೇ ಮಲ್ಕೊಳ್ಳುತ್ತೆ."

ಹೀಗಿರುವಾಗ ಗಡಿಬಿಡಿಗೆ ಮಗಳು ಹುಟ್ಟಿದಳು. ಮರುದಿನವೇ ಡಾಕ್ಟರು ಅಪ್ಪ, ಅಮ್ಮ, ಅಜ್ಜಿ ಮೂವರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಹೃದಯದ ಚಿತ್ರ ಬರೆದರು. ಒಳಗೋಡೆಯಲ್ಲಿ ತೂತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಆಪರೇಷನ್ ಆಗಲೇಬೇಕು, ಆದರೆ ಮಗು ಕೊಂಚ ಮೈ ತುಂಬಿಕೊಳ್ಳಬೇಕು.

"ಅಲ್ಲಿವರೆಗೆ ತುಂಬಾ ಅಳೋಕೆ ಬಿಡ್ಬೇಡಿ," ಎಂದರು ಡಾಕ್ಟರು. "ಅತ್ತಷ್ಟೂ ಆ ದಾರಿ ಇನ್ನೂ ಇಕ್ಕಟ್ಟಾಗುತ್ತೆ. ತುಟಿ ನೀಲಿಯಾದ್ರೆ ಎರಡೂ ಮಂಡಿ ಎದೆಗೆ ಮಡಚಿ ಹಿಡ್ಕೊಂಡು ಸಮಾಧಾನ ಮಾಡಿ. ತಕ್ಷಣ ಇಲ್ಲಿಗೆ ಕರ್ಕೊಂಡು ಬನ್ನಿ."

ಸೊಸೆ ಮುಖ ಮುಚ್ಚಿಕೊಂಡು ಅತ್ತಳು. ದೊಡ್ಡಮ್ಮ ಡಾಕ್ಟರನ್ನೇ ಅನುಮಾನದಿಂದ ನೋಡಿದಳು. ಗಡಿಬಿಡಿ ಮಾತ್ರ, "ಇನ್ನೊಂದ್ಸಲ ತೋರ್ಸಿ ಸಾರ್," ಎಂದ. ನರ್ಸು ಅಭ್ಯಾಸಕ್ಕೆಂದು ಒಂದು ಗೊಂಬೆ ತಂದುಕೊಟ್ಟಳು. ಮಹಾರಾಯ ಅದನ್ನೂ ಕೈಜಾರಿಸಿದ. ವಾರ್ಡಿಗೆ ವಾರ್ಡೇ ನಕ್ಕಿತು, ದೊಡ್ಡಮ್ಮನಿಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದ ಮೇಲೂ ಸೊಸೆಯ ಹೊಟ್ಟೆಯ ಹೊಲಿಗೆ ಮಾಗಿರಲಿಲ್ಲ. ಹಾಲೂಡಿಸಿ ಮಲಗುವಷ್ಟೇ ತ್ರಾಣ ಅವಳಿಗೆ. ಗಡಿಬಿಡಿ ರಜೆ ಹಾಕಿದ. ಟವೆಲ್ಲನ್ನು ಸುತ್ತಿ, ತುದಿಯಲ್ಲಿ ಎರಡು ಕಾಲು ಮಾಡಿ, ಅದರ ಮಂಡಿ ಮಡಚುವುದನ್ನು ಹೊತ್ತು ಗೊತ್ತಿಲ್ಲದೆ ಕಲಿಯುತ್ತ ಕೂತ. "ನನ್ಮಗ ಟವೆಲ್ ಸಾಕ್ತಾ ಇದಾನೆ, ಬಂದು ನೋಡೇ," ಎಂದು ದೊಡ್ಡಮ್ಮ ಕಿಟಕಿಯಿಂದ ಪಕ್ಕದ ಮನೆಯವಳನ್ನು ಕೂಗಿದಳು. ಮಗುವನ್ನು ಅವನ ಕೈಗೆ ಕೊಡುವ ಮಾತು ಬಂದರೆ ಮಾತ್ರ ನಗು ಮಾಯ. "ಇದು ಸಿಮೆಂಟ್ ಚೀಲ ಅಲ್ಲ ಕಣೋ," ಎಂದು ತಾನೇ ಎತ್ತಿಕೊಳ್ಳುತ್ತಿದ್ದಳು. ಡಾಕ್ಟರು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಬೀದಿಯ ಮಕ್ಕಳನ್ನೆಲ್ಲ ಸಾಕಿದವಳಿಗೆ ಹೇಳಿಕೊಡುವುದೆಂದರೇನು!

ಒಂದು ಮಧ್ಯಾಹ್ನ ಸೊಸೆಗೆ ಜೊಂಪು ಹತ್ತಿತ್ತು. ಗಡಿಬಿಡಿ ಬಚ್ಚಲಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದ. ಮಗು ಅಳತೊಡಗಿತು. ದೊಡ್ಡಮ್ಮ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಹಸಿವಲ್ಲ, ಈಗಷ್ಟೇ ಕುಡಿದಿದೆ. ಹೊಟ್ಟೆಯೂ ಮೆತ್ತಗಿದೆ. ಸರಿ, ಹಟವೇ ಎಂದು ತೀರ್ಮಾನಿಸಿ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆದಳು. ಅಳು ಏರಿತು, ಕರ್ಕಶವಾಯಿತು, ಆಮೇಲೆ ಸಣ್ಣಗಾಗುತ್ತ ನಿಂತೇಹೋಯಿತು.

"ನೋಡಿದ್ಯಾ," ಎಂದಳು, ಬಚ್ಚಲ ಬಾಗಿಲಿಗೆ ಬಂದು ನಿಂತ ಮಗನಿಗೆ. ದನಿಯಲ್ಲಿ ಹೆಮ್ಮೆ ತುಂಬಿತ್ತು. "ಅತ್ತು ಅತ್ತು ನಿದ್ದೆ ಹೋದ್ಳು."

ಗಡಿಬಿಡಿ ಹತ್ತಿರ ಬಂದು ಮಗುವಿನ ತುಟಿ ನೋಡಿದ. ಶಾಯಿ ಮೆತ್ತಿದ ಹಾಗಿತ್ತು.

"ನಿದ್ದೆ ಅಲ್ಲಮ್ಮ ಇದು."

ಅವನ ಕೈಯೆಲ್ಲ ಸೋಪಿನ ನೊರೆ. ಮಗುವನ್ನು ಮುಟ್ಟುವ ಮೊದಲು ಅವನು ಎರಡೂ ಕೈಗಳನ್ನು ಅಂಗಿಗೆ ಒತ್ತಿ ಒರೆಸಿಕೊಂಡ. ಅಂಗೈ, ಅಂಗೈ ಹಿಂದೆ, ಬೆರಳ ಸಂದಿ. ಜೀವ ಬಾಯಿಗೆ ಬಂದಿದ್ದರೂ ದೊಡ್ಡಮ್ಮನ ಕಣ್ಣಿಗೆ ಅದು ಬಿತ್ತು. ಆಮೇಲೆ ಮಗುವನ್ನು ತೆಗೆದುಕೊಂಡು ನೆಲದ ಮೇಲೆ ಕೂತ, ಪುಟ್ಟ ಮಂಡಿಗಳನ್ನು ಎದೆಗೆ ಮಡಚಿ ತನ್ನ ಎದೆಗೆ ಒರಗಿಸಿಕೊಂಡ. ದೊಡ್ಡಮ್ಮ ನಿಂತಲ್ಲೇ ಕಿರುಚಿಕೊಂಡಳು.

"ಕೂಗ್ಬೇಡಮ್ಮ, ಅವಳು ಹೆದರ್ತಾಳೆ. ಆಂಬುಲೆನ್ಸ್‌ಗೆ ಫೋನ್ ಮಾಡು. ನಂಬರ್ ಫೋನಿನ ಮೇಲ್ಗಡೆ ಗೋಡೇಲಿದೆ."

ಅಷ್ಟು ಹೇಳಿ ಅವನು ಮಗಳೊಡನೆ ಮಾತು ಶುರುಮಾಡಿದ. ಜೋಗುಳ ಬರುವುದಿಲ್ಲ ಅವನಿಗೆ. ವ್ಯಾನಿನ ದಾರಿ ಹೇಳುತ್ತಿದ್ದ. "ಮೊದ್ಲು ಗೋಡೌನಿಗೆ ಹೋಗೋಣ ಪುಟ್ಟಿ. ಚೀಲ ಹತ್ಸ್ಕೊಳ್ಳೋಣ. ಆಮೇಲೆ ಸೇತುವೆ. ಸೇತುವೆ ಮೇಲೆ ನಿಧಾನ, ಅಲ್ಲಿ ಗುಂಡಿ ಇದೆ. ಆಮೇಲೆ ಎಡಕ್ಕೆ ತಿರುಗಿದ್ರೆ ಹೊಸ ಕಟ್ಟಡ..." ಗುಂಡಿ ಬಂದಾಗ ದನಿಯನ್ನೂ ತಗ್ಗಿಸುತ್ತಿದ್ದ. ಫೋನು ಇಟ್ಟು ಬಂದ ದೊಡ್ಡಮ್ಮ ಗೋಡೆಗೊರಗಿ ನೋಡಿದಳು. ಸದ್ದಿಗೆ ಎದ್ದುಬಂದ ಸೊಸೆ ಗಂಡನ ಪಕ್ಕ ಕೂತು ಮಗುವಿನ ಪಾದ ಹಿಡಿದುಕೊಂಡಿದ್ದಳು. ಎರಡನೇ ಸಲ ಸೇತುವೆ ದಾಟುವಷ್ಟರಲ್ಲಿ ಉಗುರಿಗೆ ಬಣ್ಣ ಬಂತು. ಆಮೇಲೆ ತುಟಿಗೆ. ಮಗು ಒಮ್ಮೆ ನಿಟ್ಟುಸಿರಿಟ್ಟು ಕಣ್ಣು ಬಿಟ್ಟಿತು.

ಆಸ್ಪತ್ರೆಯಲ್ಲಿ ಡಾಕ್ಟರು ಇನ್ನು ಕಾಯುವಂತಿಲ್ಲ ಎಂದರು. ಆಪರೇಷನ್ನಿಗೆ ದಿನ ನಿಗದಿಯಾಯಿತು. ದೊಡ್ಡಮ್ಮ ಕಾರಿಡಾರಿನ ಬೆಂಚಿನ ಮೇಲೆ ಸೆರಗು ಬಾಯಿಗೊತ್ತಿ ಕೂತಳು. "ನಾನೇ ಕೈಯಾರೆ ಕಳ್ಕೊಂಡ್ಬಿಡ್ತಿದ್ದೆ," ಎಂದಳು ಸೊಸೆಯ ಹತ್ತಿರ. ಸೊಸೆ, "ಅತ್ತೆ, ಆ ಟವೆಲ್ ನೋಡಿ ನಾನೂ ನಕ್ಕಿದ್ದೆ," ಎಂದಳು. ಇಬ್ಬರೂ ಕೈಹಿಡಿದುಕೊಂಡು ಅತ್ತರು.

ಆಪರೇಷನ್ ದಿನ ಬೆಳಿಗ್ಗೆ ನರ್ಸು ಬಂದು, "ಮಗು ಹೇಗೆ ಹಿಡ್ಕೊಂಡ್ರೆ ಸಮಾಧಾನವಾಗಿರುತ್ತೆ? ಯಾರು ಹೇಳ್ತೀರ?" ಎಂದು ಕೇಳಿದಳು. ಕಣ್ಣು ಹೋದದ್ದು ಹಿರಿಯಳ ಮೇಲೆ. ಮಕ್ಕಳ ವಿಷಯದಲ್ಲಿ ಜನ್ಮದಲ್ಲೇ ಆಡದ ಮಾತನ್ನು ದೊಡ್ಡಮ್ಮ ಆಡಿದಳು.

"ನಂಗೊತ್ತಿಲ್ಲಮ್ಮ. ಅವನನ್ನ ಕೇಳಿ."

ಅರಿವಳಿಕೆ ಕೊಡುವ ಕೋಣೆಯವರೆಗೆ ಒಬ್ಬರಿಗಷ್ಟೇ ಪ್ರವೇಶ. ಸೊಸೆ ಮಗುವಿನ ಹಣೆಗೆ ಮುತ್ತಿಟ್ಟು ಗಂಡನ ಕೈಗೆ ಕೊಟ್ಟಳು. ಅವನು ಒಳಗೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಹೊರಗೆ ಬಂದ. ಮಗು ಇರಲಿಲ್ಲ, ತೋಳು ಮಾತ್ರ ಎತ್ತಿಕೊಂಡ ಹಾಗೇ ಇದ್ದವು. ಇಳಿಸುತ್ತಲೇ ಇರಲಿಲ್ಲ. ದೊಡ್ಡಮ್ಮ ಹತ್ತಿರ ಹೋಗಿ ಒಂದೊಂದೇ ತೋಳನ್ನು ಮೆಲ್ಲಗೆ ಕೆಳಗಿಳಿಸಿದಳು. "ಈಗ ಅವರು ಹಿಡ್ಕೊಂಡಿದಾರೆ ಕಂದ," ಎಂದಳು. ಮಗನನ್ನು ಕಂದ ಎಂದು ಕರೆದು ಎಷ್ಟು ಕಾಲವಾಗಿತ್ತೋ.

ಸಂಜೆ ಡಾಕ್ಟರು ಹೊರಬಂದರು. ತೂತು ಮುಚ್ಚಿದ್ದಾರೆ, ದಾರಿ ಅಗಲವಾಗಿದೆ, ಮಗು ಚೆನ್ನಾಗಿ ತಡೆದುಕೊಂಡಿದೆ. ಮೊದಲು ಅಪ್ಪ ಅಮ್ಮ ಒಳಗೆ ಹೋದರು. ದೊಡ್ಡಮ್ಮ ಗಾಜಿನ ಈಚೆ ನಿಂತಳು. ಕೊಳವೆ, ಪಟ್ಟಿಗಳ ನಡುವೆ ಅಂಗೈಯಗಲದ ಮುಖ, ಅದರಲ್ಲಿ ಕೆಂಪನೆ ತುಟಿ. ಪಕ್ಕದಲ್ಲಿ ಅಳತೆ ಮೀರಿದ ಹಸಿರು ಗೌನು ತೊಟ್ಟವನು ಬಾಗಿ ನಿಂತಿದ್ದ. ಅವನ ಕಿರುಬೆರಳು ಮಗುವಿನ ಮುಷ್ಟಿಯಲ್ಲಿತ್ತು.

ಯಾರದೋ ಮಗುವಿಗಾಗಿ ಕಾಯುತ್ತಿದ್ದ ಹೆಂಗಸೊಬ್ಬಳು ಬಂದು ಗಾಜಿನೊಳಗೆ ಇಣುಕಿದಳು.

"ನಿಮ್ಮ ಮೊಮ್ಮಗಳಾ?"

"ಹೂಂ," ಎಂದಳು ದೊಡ್ಡಮ್ಮ. "ಪಕ್ಕದಲ್ಲಿ ನಿಂತಿದಾನಲ್ಲ, ನೋಡಿ. ಅವನು ನನ್ನ ಮಗ."