ಹೆಬ್ಬೆರಳ ಹದ

“ಬಾಯಿಗೆ ಬೀಗ ಜಡ್ಕೊಂಡಿದ್ದೀಯೇನೆ, ಮುಂಡೆ? ಇಡೀ ತೊಟ್ಟಿ ಹಾಳಾಗ್ತಿದೆ ಅಂತ ಗೊತ್ತಿದ್ದೂ ಕಲ್ಲಿನ ಥರ ನಿಂತಿದ್ಯಲ್ಲ!”

ಮೇಸ್ತ್ರಿ ತೊಟ್ಟಿಯಿಂದ ಒದ್ದೆ ಚರ್ಮವೊಂದನ್ನು ಎಳೆದು ಅವಳ ಮುಖಕ್ಕೇ ಎಸೆದ. ಅದು ಕೆನ್ನೆಗೆ ರಪ್ಪನೆ ಬಡಿದು, ಎದೆಯ ಮೇಲಿಂದ ಜಾರಿ, ಕಾಲಬುಡದಲ್ಲಿ ಮುದ್ದೆಯಾಗಿ ಬಿತ್ತು. ಅವಳು ಮುಖ ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅದಕ್ಕೂ ಒಂದು ಬೈಗುಳ ಕಾದಿರುತ್ತದೆ.

ಗೊತ್ತಿದ್ದದ್ದು ನಿಜ. ಚರ್ಮ ಹದಕ್ಕೆ ಬಂತೋ ಇಲ್ಲವೋ ಎಂದು ಹೆಬ್ಬೆರಳು ಒತ್ತಿ ಹೇಳಬಲ್ಲವಳು ಆ ಕಾರ್ಖಾನೆಯಲ್ಲಿ ಅವಳೊಬ್ಬಳೇ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಹದದಕ್ಕ. ಬೆಳಿಗ್ಗೆಯೇ ಒತ್ತಿ ನೋಡಿದ್ದಳು. ಹದ ಮೀರುತ್ತಿದೆ ಎಂದು ತಿಳಿದಿತ್ತು. ಆದರೆ ಹಿಂದೊಮ್ಮೆ ಹೀಗೇ ಬಾಯಿಬಿಟ್ಟಾಗ ಇದೇ ಮೇಸ್ತ್ರಿ, “ನಂಗೇ ಪಾಠ ಹೇಳೋಕೆ ಬಂದ್ಯಾ?” ಎಂದು ಯಜಮಾನನ ಎದುರೇ ಕಪಾಳಕ್ಕೆ ಬಾರಿಸಿದ್ದ. ಆ ನಾಡಿನಲ್ಲಿ ಕೆಳಗಿನವರು ಹೇಳಿದರೆ ಸೊಕ್ಕು, ಹೇಳದಿದ್ದರೆ ಕಳ್ಳತನ.

ಹೇಳದೆ ಉಳಿಯುವುದನ್ನು ಅವಳಿಗೆ ಕಲಿಸಿದ್ದು ಅತ್ತೆ. ಮುದುಕಿ ಕೊನೆಗಾಲದಲ್ಲಿ ಸೊಸೆಯ ಹೆಬ್ಬೆರಳನ್ನು ಹಿಡಿದು ಚರ್ಮದ ಮೇಲೆ ಒತ್ತಿಸಿದ್ದಳು. “ಒತ್ತಿದ ಗುಂಡಿ ಹಂಗೇ ನಿಲ್ಬೇಕು. ಮೇಲೆದ್ರೆ ಇನ್ನೂ ಹಸಿ. ಮೇಲಿನ ಸಿಪ್ಪೆ ಜಾರಿದ್ರೆ ಹದ ಮೀರಿ ಕೈಬಿಟ್ಟೋಯ್ತು ಅಂತ. ಯಾರಿಗೂ ಹೇಳ್ಬೇಡ ಕಣೆ, ನನ್ ಮಗಳಿಗೂ ಹೇಳ್ಬೇಡ. ಕಲಿಸಿದೋಳ ಕೈಗೆ ಚಿಪ್ಪೇ ಗತಿ.”

ಆ ಮಗಳು ಗಂಡನ ಮನೆ ಬಿಟ್ಟು ವಾಪಸು ಬಂದು, ಈಗ ಅತ್ತಿಗೆಯ ಪಕ್ಕದಲ್ಲೇ ನಿಂತು ಚರ್ಮದ ಕೂದಲು ಹೆರೆಯುತ್ತಿದ್ದಳು. “ಹೆಂಗ್ ಗೊತ್ತಾಗುತ್ತೆ ಅತ್ತಿಗೆ?” ಎಂದು ಕೇಳಿ ಕೇಳಿ ಸಾಕಾಗಿದ್ದಳು. “ಕೈಗೇ ಗೊತ್ತಾಗುತ್ತೆ” ಎಂಬ ಒಂದೇ ಉತ್ತರ.

ಅಂಥ ಹೊತ್ತಿನಲ್ಲಿ ಬಂದವಳು ಗಡಿಯಾಚೆಯವಳು. ಅಲ್ಲಿಯ ಕಾರ್ಖಾನೆಗಳು ಮುಚ್ಚಿದ್ದರಿಂದ ಹೊಟ್ಟೆಪಾಡಿಗೆ ಇತ್ತ ಬಂದಿದ್ದಳು. ಅರೆಬರೆ ಭಾಷೆ, ಮುಖದ ತುಂಬ ನಗು. ಬಂದ ದಿನವೇ ಮಧ್ಯಾಹ್ನ ತೊಟ್ಟಿಯಿಂದ ಒಂದು ತೆಳು ಚರ್ಮ ತೆಗೆದು, ಒಳಗೆ ಗಾಳಿ ಸಿಕ್ಕುವಂತೆ ಗಂಟಿನ ಹಾಗೆ ಹಿಡಿದು ಹಿಂಡಿದಳು. ಚರ್ಮದ ಮೈತುಂಬ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಪುಟಪುಟನೆ ಎದ್ದವು.

“ನೋಡಿ, ಉಸಿರು ಬಿಡ್ತಾ ಇದೆ! ಉಸಿರು ಬಿಟ್ರೆ ಹದ ಬಂತು. ಬನ್ನಿ, ಎಲ್ರೂ ಹಿಂಡಿ.”

“ಇದನ್ನೆಲ್ಲ ಹಿಂಗೆ ಹೇಳ್ಬಿಡ್ತಾರೇನೆ?” ಎಂದು ಯಾರೋ ಕೇಳಿದರು.

“ನಮ್ ಕಡೆ ಹೇಳ್ದೆ ಇದ್ರೆ ಬೈತಾರೆ. ಪಕ್ಕದೋಳು ಹಸ್ಕೊಂಡಿದ್ರೆ ಬುತ್ತಿ ಬಚ್ಚಿಟ್ಟಂಗೆ ಅಂತಾರೆ.”

ಹೆಂಗಸರೆಲ್ಲ ಜೇನುಹುಳದಂತೆ ಮುತ್ತಿಕೊಂಡರು. ನಾದಿನಿಯೂ ಓಡಿದಳು. ಹದದಕ್ಕ ಮಾತ್ರ ಬೆನ್ನು ತಿರುಗಿಸಿ, ಹೆರೆದ ಚರ್ಮವನ್ನೇ ಮತ್ತೆ ಹೆರೆಯುತ್ತ ನಿಂತಳು. ಅವಳ ಹೊಟ್ಟೆಯೊಳಗೆ ಸುಣ್ಣದ ಕಲ್ಲಿಗೆ ನೀರು ಹೊಯ್ದಂತಾಗಿತ್ತು.

ಅಂದಿನಿಂದ ಮನೆಯಲ್ಲೂ ಗಡಿಯಾಚೆಯವಳದೇ ಮಾತು. ನಾದಿನಿ ಒಲೆಯ ಮುಂದೆ ಕೂತರೆ ಅಕ್ಕ ಹೀಗಂದಳು, ಪಾತ್ರೆ ತೊಳೆಯಲು ಕೂತರೆ ಅಕ್ಕ ಹಾಗಂದಳು.

“ಅವಳ್ಯಾವ ಸೀಮೆ ಅಕ್ಕನೇ ನಿಂಗೆ? ಅಷ್ಟು ಅಕ್ಕರೆ ಇದ್ರೆ ಅವಳ ಮನೇಲೇ ಬಿದ್ಕೋ ಹೋಗು.”

“ಅವ್ಳು ಬಂದ ದಿನಾನೇ ಕೊಟ್ಲು. ನೀನು ಇಷ್ಟು ವರ್ಷ ಸೆರಗಲ್ಲಿ ಗಂಟು ಹಾಕ್ಕೊಂಡು ಕೂತಿದ್ದೀಯ. ಅದೂ ನನ್ನ ಅವ್ವ ಕೊಟ್ಟಿದ್ದನ್ನ.”

ಹದದಕ್ಕ ಸೌಟನ್ನು ಕುಕ್ಕಿ ಎದ್ದುಹೋದಳು.

ಸ್ವಲ್ಪ ದಿನಕ್ಕೆ, ಚರ್ಮ ಕೊಳ್ಳುವ ದೊಡ್ಡ ಕಂಪನಿಯಿಂದ ಒಬ್ಬ ಸಾಹೇಬ ಬಂದ. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಭಾಷಣ ಶುರುಮಾಡಿದ. ಹೆಂಗಸರು ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು.

“ತಪ್ಪು ನಿಮ್ಮದಲ್ಲ, ನಿಮ್ಮ ದೇಶದ ಸಂಸ್ಕೃತಿದು. ನೀವು ಗೊತ್ತಿರೋದನ್ನ ಬಚ್ಚಿಡ್ತೀರಿ, ದೊಡ್ಡವರ ಎದುರು ಬಾಯಿ ಬಿಡಲ್ಲ. ಗಡಿಯಾಚೆಯಿಂದ ಬಂದ ಈ ಹೆಣ್ಣುಮಗಳ ದೇಶ ನೋಡಿ, ಹಂಚಿಕೊಳ್ಳೋದು ಅವರ ರಕ್ತದಲ್ಲೇ ಇದೆ.”

“ನಾನೊಂದು ಮಾತು…” ಎಂದು ಹಿಂದಿನಿಂದ ಒಬ್ಬಾಕೆ ಎದ್ದಳು.

“ಕೂತ್ಕೊಳ್ಳೇ, ಹಲ್ಕಾ! ಸಾಹೇಬ್ರು ಮಾತಾಡೋದು ಕಾಣಲ್ವಾ?” ಮೇಸ್ತ್ರಿ ಗದರಿದ. ಆಕೆ ಕೂತಳು. ಸಾಹೇಬ ಬಾಯಿಬಿಟ್ಟು ಮಾತಾಡುವ ಸಂಸ್ಕೃತಿಯ ಬಗ್ಗೆ ಮುಂದುವರಿಸಿದ.

ಆಮೇಲೆ ಗಡಿಯಾಚೆಯವಳನ್ನು ಮುಂದೆ ಕರೆದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಆ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತ ಮೊದಲ ಕೂಲಿಯವಳು ಅವಳು. ನೆಲ ಬಿರಿದು ಕುರ್ಚಿ ಸಮೇತ ಇವಳನ್ನು ನುಂಗಬಾರದೇ ಎಂದು ಹದದಕ್ಕ ಹಲ್ಲು ಕಚ್ಚಿದಳು. ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಅವಳ ಕೈಗಳ ಚಿತ್ರ ತೆಗೆದರು. ಹೇಗೆ ಹಿಡಿಯುತ್ತಾಳೆ, ಹೇಗೆ ಹಿಂಡುತ್ತಾಳೆ, ಎಲ್ಲ. ಅವಳು ನಗುನಗುತ್ತ ತೋರಿಸಿದಳು.

ತಿಂಗಳು ತುಂಬುವಷ್ಟರಲ್ಲಿ ಅರ್ಧ ಕೂಲಿಗೆ ಒಪ್ಪಿದ ಹೊಸ ಹೆಣ್ಣುಮಕ್ಕಳು ಬಂದರು. ಗೋಡೆಗೆ ತೂಗುಹಾಕಿದ ಪರದೆಯಲ್ಲಿ ಗಡಿಯಾಚೆಯವಳ ಕೈಗಳನ್ನು ನೋಡಿ ನೋಡಿ ಹಿಂಡಲು ಕಲಿತರು. ಕಲಿತ ಮೇಲೆ ಮೊದಲು ಗೇಟಿನಾಚೆ ದಬ್ಬಿಸಿಕೊಂಡವಳು ಆ ಕೈಗಳ ಒಡತಿ.

ಸುದ್ದಿ ಕೇಳಿ ಹದದಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನೋಡಿ ಸುಖಪಡೋಣವೆಂದೇ ಗೇಟಿನವರೆಗೆ ಹೋದಳು. ಗಡಿಯಾಚೆಯವಳು ಸರಳಿನ ಆಚೆ ಬಟ್ಟೆಗಂಟು ಹಿಡಿದು ನಿಂತಿದ್ದಳು.

“ಆಯ್ತಾ? ಹಂಚ್ಕೊಂಡು ತಿಂದ್ಯಾ?” ಎಂದಳು ಹದದಕ್ಕ.

“ನಾನು ಅಕ್ಕಂದಿರಿಗೆ ಹೇಳ್ದೆ. ಕೇಳಿಸ್ಕೊಂಡಿದ್ದು ಯಜಮಾನ್ರು.” ಅವಳು ಗಂಟನ್ನು ಕಂಕುಳಿಗೆ ಸೇರಿಸಿದಳು. “ನಿನ್ ಹೆಬ್ಬೆರಳು ನೋಡ್ತಾನೇ ಇದ್ದೆ. ನಮ್ ಕಡೆ ಯಾರಿಗೂ ಆ ಬೆರಳಿಲ್ಲ. ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೀನಿ ಗೊತ್ತಾ? ಕೇಳೋಣ ಅಂತ ಹತ್ರ ಬಂದ್ರೆ ನೀನು ಬೆನ್ನು ತಿರುಗಿಸ್ತಿದ್ದೆ.”

ಕಾವಲಿನವನು ಕೋಲಿನಿಂದ ಸರಳಿಗೆ ಬಡಿದ. ಗಡಿಯಾಚೆಯವಳು ರಸ್ತೆಗಿಳಿದು ಹೋದಳು. ಅವಳನ್ನು ಆಮೇಲೆ ಯಾರೂ ಕಾಣಲಿಲ್ಲ.

ಮಾರನೆಯ ದಿನ ಮೇಸ್ತ್ರಿಯ ದನಿ ಬೆಣ್ಣೆಯಾಗಿತ್ತು. “ದಪ್ಪ ಚರ್ಮಕ್ಕೆ ಆ ಗುಳ್ಳೆ ಆಟ ನಡೆಯಲ್ಲವಂತೆ ಕಣಕ್ಕಾ. ಅದಕ್ಕೆ ನಿನ್ ಬೆರಳೇ ಬೇಕು. ಬಾ, ಕುರ್ಚಿ ಮೇಲೆ ಕೂತ್ಕೋ, ಒತ್ತಿ ತೋರ್ಸು.”

ಕುರ್ಚಿ ಅದೇ, ಮುಂದೆ ನಿಲ್ಲಿಸಿದ್ದ ಕ್ಯಾಮೆರಾವೂ ಅದೇ. ಇಷ್ಟು ದಿನ ಆ ಕುರ್ಚಿಗಾಗಿ ಅವಳ ಕರುಳು ಬೆಂದಿತ್ತು. ಹದದಕ್ಕ ಅದರ ಹತ್ತಿರ ಹೋದಳು. ಕಾಲಿನಿಂದ ಒತ್ತಟ್ಟಿಗೆ ಸರಿಸಿದಳು. ಕ್ಯಾಮೆರಾಕ್ಕೆ ಬೆನ್ನು ಮಾಡಿ ತೊಟ್ಟಿಯ ಮುಂದೆ ನಿಂತು ನಾದಿನಿಯನ್ನು ಕೂಗಿದಳು.

“ಬಾರೆ ಇಲ್ಲಿ. ಬೆರಳು ಕೊಡು. ಎಲ್ರೂ ಬನ್ರೇ. ಹೊಸಬ್ರೂ ಬನ್ನಿ. ಒತ್ತಾಗಿ ನಿಲ್ಲಿ, ಸಂದು ಬಿಡ್ಬೇಡಿ.”

ಹೆಂಗಸರು ಒಬ್ಬರಿಗೊಬ್ಬರು ಭುಜ ತಾಗಿಸಿ ಸುತ್ತುವರಿದರು. ಹೊಸಬರು ಮೊದಲು ಅನುಮಾನಿಸಿ, ಆಮೇಲೆ ಒಬ್ಬೊಬ್ಬರಾಗಿ ಸೇರಿದರು. ಕ್ಯಾಮೆರಾದ ಕಣ್ಣಿಗೆ ಬೆವರಿದ ಬೆನ್ನುಗಳ ಗೋಡೆ ಬಿಟ್ಟು ಬೇರೇನೂ ಉಳಿಯಲಿಲ್ಲ.

“ಸರೀರಿ ಆ ಕಡೆ! ಇತ್ತ ತಿರುಗೇ, ಬೋಸುಡಿ!” ಮೇಸ್ತ್ರಿಯ ಬೆಣ್ಣೆ ಕರಗಿಹೋಗಿತ್ತು. ಹೊರಸುತ್ತಿನ ಬೆನ್ನೊಂದರ ಮೇಲೆ ಕೋಲು ಬಿದ್ದ ಸದ್ದಾಯಿತು. ಆ ಬೆನ್ನು ಸರಿಯಲಿಲ್ಲ.

ಒಳಗೆ ಹದದಕ್ಕ ಒಬ್ಬೊಬ್ಬಳ ಬೆರಳನ್ನೂ ಹಿಡಿದು ಒತ್ತಿಸುತ್ತಿದ್ದಳು. ನಾದಿನಿಯ ಬೆರಳು ಗುಂಡಿ ಮಾಡಿತು, ಗುಂಡಿ ನಿಂತಿತು. ಅವಳ ಕಣ್ಣು ತುಂಬಿ ಬಂತು.

“ತೆಳು ಚರ್ಮಕ್ಕೆ ಆ ಗುಳ್ಳೆದೇ ಮೇಲು” ಎನ್ನುತ್ತ ಹದದಕ್ಕ ಒಂದನ್ನೆತ್ತಿ ಗಂಟು ಮಾಡಿ ಹಿಂಡಿದಳು. ನೀರು ಸುರಿಯಿತೇ ಹೊರತು ಗುಳ್ಳೆ ಏಳಲಿಲ್ಲ. ಗಾಳಿಯೆಲ್ಲ ಪಕ್ಕದಿಂದ ಸೋರಿಹೋಯಿತು. ಮತ್ತೆ ಹಿಂಡಿದಳು. ಆಗಲೂ ಇಲ್ಲ.

“ಹಂಗಲ್ಲ ಅತ್ತಿಗೆ” ಎಂದು ನಾದಿನಿ ಅದನ್ನು ಇಸಿದುಕೊಂಡಳು. ಅವಳ ಕೈಯಲ್ಲಿ ಚರ್ಮ ಉಬ್ಬಿ, ಸಾಸಿವೆಯಂತೆ ಗುಳ್ಳೆಯೆದ್ದಿತು. ಹದದಕ್ಕನ ಹೊಟ್ಟೆಯೊಳಗೆ ಸುಣ್ಣ ಮತ್ತೊಮ್ಮೆ ಕುದಿಯಿತು.

ಗೇಟಿನ ಕಡೆಯಿಂದ ಕಾವಲಿನವರ ಬೂಟುಗಳ ಓಟದ ಸದ್ದು ಕೇಳಿಸತೊಡಗಿತ್ತು.

“ಇನ್ನೊಂದ್ಸಲ ತೋರ್ಸೆ” ಎಂದಳು ಹದದಕ್ಕ. “ನಿಧಾನಕ್ಕೆ.”