ಸೀಲು ಬಿದ್ದ ಹಾಳೆಗಳು

ಗ್ರಂಥಾಲಯದಿಂದ ಹೊರಗೆ ಹೋಗುವ ಪ್ರತಿ ಹಾಳೆಗೂ ಸೀಲು ಒತ್ತುವುದು ಅಲ್ಲಿಯ ಹಳೆಯ ರೂಢಿ. ಪುಸ್ತಕದ ಪುಟಗಳನ್ನಷ್ಟೇ ಜೆರಾಕ್ಸ್ ಮಾಡಿ ಕೊಡುತ್ತಿದ್ದ ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಕಂಪ್ಯೂಟರ್ ಬಂದು, ಜನ ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದಕ್ಕೆಲ್ಲ ಪ್ರಿಂಟ್ ಕೇಳತೊಡಗಿದ ಮೇಲೂ ಗ್ರಂಥಪಾಲಕಿಯ ಕೈ ಅಭ್ಯಾಸಬಲದಿಂದ ಸೀಲು ಒತ್ತುತ್ತಲೇ ಇತ್ತು.

ಎದುರು ಬೀದಿಯ ಟೈಲರಮ್ಮ ಸೋಮವಾರ ಹಾಗೆ ತನ್ನ ಮಗಳ ಕಣ್ಣಿನ ಆಪರೇಷನ್ ಬಗ್ಗೆ ಕೆಲವು ಹಾಳೆ ಪ್ರಿಂಟ್ ಮಾಡಿಸಿ ಒಯ್ದಿದ್ದಳು. ಗುರುವಾರ ಅತ್ತೆಯನ್ನೂ ಕರೆದುಕೊಂಡು ಬಂದಳು.

"ಮೇಡಂ, ಇವರಿಗೆ ನೀವೇ ಹೇಳಿ. ಮಗಳ ಮೆಳ್ಳೆಗಣ್ಣಿಗೆ ನಾಳಿದ್ದು ಆಪರೇಷನ್. ಬೇಡ ಅಂತ ಪಟ್ಟು ಹಿಡಿದು ಕೂತಿದ್ದಾರೆ."

"ನಾನ್ಯಾಕೆ ಬೇಡ ಅನ್ನಲಿ? ಇದು ಅನ್ನುತ್ತೆ." ಅತ್ತೆ ಹಾಳೆಗಳನ್ನು ಮೇಜಿನ ಮೇಲಿಟ್ಟರು. "ಕತ್ತರಿ ತಾಗಿಸಿದರೆ ದೃಷ್ಟಿಯೇ ಹೋಗುತ್ತಂತೆ. ಸೀಲು ಬೇರೆ ಬಿದ್ದಿದೆ. ಡಾಕ್ಟರ ಚೀಟಿಗೂ ಇಷ್ಟು ದೊಡ್ಡ ಸೀಲಿಲ್ಲ."

"ಅಮ್ಮಾ, ಹಾಳೆ ಇಲ್ಲಿಂದ ಹೋಯಿತು ಅನ್ನೋದಕ್ಕೆ ಸೀಲು. ಅದರಲ್ಲಿರೋದು ನಿಜ ಅಂತಲ್ಲ."

"ಹಾಗಾದರೆ ಓದದೇ ಒತ್ತಿದ್ರಾ?"

"ಓದದೇ ಒತ್ತಿದೆ. ತಪ್ಪಾಯಿತು."

ಗ್ರಂಥಪಾಲಕಿ ಕೌಂಟರಿನಿಂದ ಹೊರಗೆ ಬಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು, ಜಗಳಕ್ಕೆ ಸಿದ್ಧರಾಗಿ ಬಂದಿದ್ದ ಅತ್ತೆಯನ್ನು ಕೂರಿಸಿದಳು. ಅದೇ ಪುಟವನ್ನು ತೆರೆದಳು.

"ಬರೆದವರ ಹೆಸರಿದೆಯಾ ನೋಡಿ."

"ಇಲ್ಲ."

"ಕೆಳಗೆ ಹೋಗೋಣ." ಪುಟದ ತಳದಲ್ಲಿ ಕಣ್ಣಿನ ಹನಿಮದ್ದಿನ ಶೀಷೆಯ ಚಿತ್ರವಿತ್ತು. 'ಈಗಲೇ ಕೊಳ್ಳಿ' ಎಂದಿತ್ತು.

"ಓಹೋ, ಅಂಗಡಿ ಇಟ್ಟಿದ್ದಾನೆ," ಅತ್ತೆ ಮುಂದಕ್ಕೆ ಬಾಗಿದರು. "ಇವಳ ಮಾವನೂ ಹೀಗೇ. ಮೋಡ ತೋರಿಸಿ ಹೆದರಿಸಿ ಛತ್ರಿ ಮಾರೋರು."

ಗ್ರಂಥಪಾಲಕಿ ಕಣ್ಣಾಸ್ಪತ್ರೆಯೊಂದರ ಪುಟ ತೆರೆದು ನಿಧಾನವಾಗಿ ಓದಿದಳು. ಡಾಕ್ಟರುಗಳ ಹೆಸರಿತ್ತು. ದೃಷ್ಟಿಗೆ ಪೆಟ್ಟಾಗುವುದು ತೀರಾ ಅಪರೂಪ, ಆದರೆ ಕೆಲವರಿಗೆ ಎರಡನೇ ಸಲ ಮಾಡಬೇಕಾಗಬಹುದು ಎಂದೂ ಇತ್ತು. ಅದನ್ನು ಓದಬಾರದಿತ್ತೇನೋ ಎಂಬಂತೆ ಟೈಲರಮ್ಮ ಅತ್ತೆಯ ಮುಖ ನೋಡಿದಳು.

"ಇದು ಸರಿಯಾಗಿದೆ," ಎಂದರು ಅತ್ತೆ. "ಕಷ್ಟವನ್ನೂ ಹೇಳ್ತಾರೆ. ಬರೀ ಮಾರೋಕೆ ಕೂತವನು ಹೇಳಲ್ಲ." ಆಮೇಲೆ ದನಿ ತಗ್ಗಿಸಿದರು. "ಎಚ್ಚರ ಆದಾಗ ಕಣ್ಣಿಗೆ ಪಟ್ಟಿ ಕಟ್ಟಿರ್ತಾರಾ? ಕತ್ತಲಾದರೆ ಕೂಸು ಬೆಚ್ಚಿಬೀಳುತ್ತೆ."

ಗ್ರಂಥಪಾಲಕಿಗೆ ಈಗ ನಿಜವಾದ ಪ್ರಶ್ನೆ ಸಿಕ್ಕಿತು. "ಅದನ್ನ ಇಲ್ಲಿ ಹುಡುಕೋದು ಬೇಡ. ಆಪರೇಷನ್ ಮಾಡೋ ಡಾಕ್ಟರನ್ನೇ ಕೇಳಿ."

ಟೈಲರಮ್ಮ ಫೋನ್ ಮಾಡಿ ಅತ್ತೆಯ ಕೈಗೇ ಕೊಟ್ಟಳು. ಅಷ್ಟರಲ್ಲಿ ಒಬ್ಬಾತ ಪ್ರಿಂಟಿಗಾಗಿ ಕೌಂಟರ್ ತಟ್ಟಿದ. "ಕುರ್ಚಿ ತಗೊಂಡು ಇಲ್ಲೇ ಬನ್ನಿ," ಎಂದಳು ಗ್ರಂಥಪಾಲಕಿ. "ಏನು ಅಂತ ಮೊದಲು ಜೊತೇಲಿ ನೋಡೋಣ."

ಅತ್ತೆ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು.

"ಪಟ್ಟಿ ಇರಲ್ವಾ? ಸರಿ. ಅವಳು ಕಣ್ಣು ಬಿಡೋ ಹೊತ್ತಿಗೆ ಅಜ್ಜಿ ಪಕ್ಕದಲ್ಲಿ ಕೂತಿರಬಹುದಾ?" ಆ ಕಡೆಯ ಮಾತನ್ನು ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದರು. "ಹಾಗಾದರೆ ನಾಳಿದ್ದು ಕರ್ಕೊಂಡು ಬರ್ತೀವಿ."